‘ರಿ’ ಬಿಟ್ಟು ಕರೆದ ವರ್ಷ

ಹೋದ ತಿಂಗಳು ಶಿರಸಿಯ ಆ ಹಳೇ ಸಭಾಭವನದ ಬಾಗಿಲು ದೂಡಿ ಒಳಗೆ ಕಾಲಿಟ್ಟಾಗ ಮೊದಲು ಮೂಗಿಗೆ ಬಡಿದದ್ದು ವಾಸನೆ. ಬಿಳಿ ಬಣ್ಣದ ಪುಡಿಗೆ ಕೊಬ್ಬರಿ ಎಣ್ಣೆ ಹಾಕಿ ಅಂಗೈಯಲ್ಲಿ ತಿಕ್ಕಿದಾಗ ಬರುವ ವಾಸನೆ, ಜೊತೆಗೆ ಮಡಚಿಟ್ಟ ಪರದೆಯ ಮುಗ್ಗಲು. ಯಾರೋ ಹೊಸಬರು ಬಣ್ಣ ಕಲಸುವುದನ್ನು ಕಲಿಯುತ್ತಿದ್ದರು. ಎಣ್ಣೆ ಜಾಸ್ತಿಯಾಗಿ ಮೊಣಕೈ ತನಕ ಇಳಿದಿತ್ತು. ನಾನು ಹೋಗಿದ್ದು ಅವರಿಗೆ ಕಲಿಸಲಿಕ್ಕೆ. ಹೌದು, ನಾನೇ. ಕಿರವತ್ತಿಯ ಧಾಬಾದಲ್ಲಿ ರೊಟ್ಟಿ ಬಡಿಯುವ ರೇಣುಕಾ, ಏಳನೇ ಇಯತ್ತೆಗೆ ಶಾಲೆ ಬಿಟ್ಟವಳು, ದೊಡ್ಡವರ ನಾಟಕ ತರಗತಿಯ ಹೊಸ ತಂಡಕ್ಕೆ ನಿಲ್ಲುವುದು, ಕೂರುವುದು, ಕರೆಯುವುದು ಹೇಗೆ ಅಂತ ಹೇಳಿಕೊಡಲಿಕ್ಕೆ ಹೋಗಿದ್ದೆ. ಇದನ್ನು ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ. ಜಂಬ ಅಂತೀರೋ, ಅನ್ನಿ.

ನಾನೇ ಅಲ್ಲಿ ಕಲಿಯಲು ಸೇರಿ ಈಗ ನಾಲ್ಕು ವರ್ಷ. ಆ ವರ್ಷ ಮಳೆ ಬೇಗ ಹಿಡಿದಿತ್ತು. ಮಗಳು ಅಶ್ವಿನಿ ಶಿರಸಿಯ ಹಾಸ್ಟೆಲ್ಲಿನಲ್ಲಿದ್ದು ಡಿಗ್ರಿ ಓದುತ್ತಿದ್ದಳು. ಬಸ್ ಸ್ಟ್ಯಾಂಡಿನ ಗೋಡೆಗೆ ಅಂಟಿಸಿದ್ದ ಕಾಗದ ನೋಡಿ, ನನ್ನನ್ನು ಒಂದು ಮಾತೂ ಕೇಳದೆ ನನ್ನ ಹೆಸರು ಬರೆಸಿ ಬಂದಿದ್ದಳು. ಮೂವತ್ತು ದಾಟಿದವರಿಗೆ ನಾಟಕ ಕಲಿಸುತ್ತಾರೆ, ರವಿವಾರ ಮಾತ್ರ, ಓದು ಎಷ್ಟಾಗಿದ್ದರೂ ಅಡ್ಡಿಯಿಲ್ಲ ಅಂತ ಅದರಲ್ಲಿ ಬರೆದಿತ್ತಂತೆ. ನನಗೆ ಆಗ ನಲವತ್ತೊಂದು. ಈ ವಯಸ್ಸಿನಲ್ಲಿ ಅವ್ವನನ್ನು ಕುಣಿಯಲಿಕ್ಕೆ ಕಳಿಸ್ತೀಯಾ ಅಂತ ಬೈದೆ. ಅವಳು ಕೇಳುವವಳಲ್ಲ. ಧಾಬಾಕ್ಕೆ ಬರುವ ಲಾರಿ ಡ್ರೈವರುಗಳು, ಫಾರೆಸ್ಟ್ ಗಾರ್ಡುಗಳು, ಜಲಪಾತ ನೋಡಲು ಬಂದು ದಾರಿ ತಪ್ಪಿದ ಪೇಟೆ ಹೆಂಗಸರು, ಇವರೆಲ್ಲರ ಮಾತನ್ನು ನಾನು ಮನೆಯಲ್ಲಿ ಅಣಕಿಸಿ ತೋರಿಸುತ್ತಿದ್ದೆ. ಅದನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕು ಬೆಳೆದವಳು ಅವಳು. ಒಲೆ ಮುಂದೆ ಮಾಡುವುದನ್ನೇ ಅಲ್ಲಿ ಹೋಗಿ ಮಾಡು ಅಂದಳು.

ಧಾಬಾದ ಸಾವ್ಕಾರರನ್ನು ಒಪ್ಪಿಸುವುದು ಹೇಗೆ ಅನ್ನುವುದೇ ದೊಡ್ಡ ಚಿಂತೆಯಾಗಿತ್ತು. ರವಿವಾರ ಹೈವೇ ಮೇಲೆ ಗಾಡಿಗಳ ಸಾಲು, ಅಡುಗೆಮನೆಯಲ್ಲಿ ತಲೆ ತುರಿಸಿಕೊಳ್ಳಲಿಕ್ಕೆ ಪುರುಸೊತ್ತಿರುವುದಿಲ್ಲ. ಶನಿವಾರ ಮಧ್ಯಾಹ್ನವೇ ಕೂತು ನಾಳೆಗೆ ಬೇಕಾದಷ್ಟು ಕಡಕ್ ರೊಟ್ಟಿ ಬಡಿದು, ಒಣಗಿಸಿ, ಬಟ್ಟೆ ಕಟ್ಟಿಟ್ಟು ಹೋಗುತ್ತೇನೆ ಅಂದೆ. ಯಾವ ಕ್ಲಾಸು ಅಂತ ಕೇಳಿದರು. ನಾಟಕ ಅಂದೆ. ರೊಟ್ಟಿ ಕಡಿಮೆ ಬೀಳಬಾರದು ಅಂತ ಅಷ್ಟೇ ಹೇಳಿದರು. ನಮ್ಮ ಸಾವ್ಕಾರರು ಕೆಟ್ಟ ಮನುಷ್ಯರಲ್ಲ. ನನ್ನ ಗಂಡನ ಲಾರಿ ಅರಬೈಲ್ ಘಟ್ಟದಲ್ಲಿ ಮಗುಚಿದಾಗ ತಮ್ಮ ಗಾಡಿಯಲ್ಲೇ ಅವನನ್ನು ಹುಬ್ಬಳ್ಳಿ ಆಸ್ಪತ್ರೆಗೆ ಕರೆದುಕೊಂಡು ಹೋದವರು ಅವರೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಬರುವ ಮಾತು ಕೇಳಿ ನೀವು ಅವರನ್ನು ಬೇರೆ ಥರ ತಿಳಿಯಬಾರದು.

ಬೆಳಿಗ್ಗೆ ಆರರ ಬಸ್ಸಿಗೆ ಕಿರವತ್ತಿ ಬಿಟ್ಟು, ಯಲ್ಲಾಪುರದಲ್ಲಿ ಇಳಿದು ಶಿರಸಿ ಬಸ್ಸು ಹಿಡಿಯಬೇಕು. ಜುಲೈ ತಿಂಗಳಲ್ಲಿ ಆ ರಸ್ತೆಯಲ್ಲಿ ಕಿಟಕಿಗೆ ತಗಡು ಇಳಿಸಿ, ಕತ್ತಲೆ ಡಬ್ಬಿಯೊಳಗೆ ಕೂತ ಹಾಗೆ ಹೋಗುವುದು. ಎಲ್ಲಿದ್ದೇವೆ ಅಂತ ಗೊತ್ತಾಗುತ್ತಿದ್ದದ್ದು ಕಂಡಕ್ಟರನ ಕೂಗಿನಿಂದ ಮಾತ್ರ. ಸೀರೆಯ ಕೆಳಗಿನ ಅರ್ಧ ಒದ್ದೆ, ಚೀಲದಲ್ಲಿ ಎರಡು ರೊಟ್ಟಿ, ಶೇಂಗಾ ಚಟ್ನಿ. ಅರ್ಧ ದಾರಿಯಲ್ಲಿ ಪ್ರತಿ ವಾರ ಅನಿಸುತ್ತಿತ್ತು, ಇದೇ ಬಸ್ಸಿಗೆ ತಿರುಗಿ ಹೋಗಿಬಿಡಲೇ ಅಂತ. ಒಂದು ವಾರವೂ ಹೋಗಲಿಲ್ಲ.

ಮೊದಲ ದಿನದ್ದು ಚೆನ್ನಾಗಿ ನೆನಪಿದೆ. ಹದಿನಾಲ್ಕು ಜನ ಇದ್ದೆವು. ಕಾಲೇಜಿನಲ್ಲಿ ಪಾಠ ಹೇಳುವ ಶೈಲಾ ಮೇಡಂ, ಬ್ಯಾಂಕಿನಿಂದ ನಿವೃತ್ತರಾದ ಒಬ್ಬರು, ತೋಟದವರು ಮೂರು ನಾಲ್ಕು ಜನ, ಟೇಲರ್ ಅಂಗಡಿಯವನೊಬ್ಬ. ಎಲ್ಲರೂ ಕುರ್ಚಿ ಹಿಡಿದು ಕೂತಿದ್ದರು. ಕುರ್ಚಿ ಇನ್ನೂ ಖಾಲಿ ಇದ್ದವು. ನಾನು ಬಾಗಿಲ ಹತ್ತಿರ ನೆಲಕ್ಕೆ ಕೂತೆ. ಯಾರೂ ನನ್ನನ್ನು ನೆಲಕ್ಕೆ ಕೂರು ಅಂದಿರಲಿಲ್ಲ, ಕಾಲು ತಾನೇ ಮಡಚಿಕೊಂಡಿತು. ಕಲಿಸಲು ಬಂದ ನಾಗವೇಣಿ ಅಕ್ಕೋರು ನನ್ನನ್ನು ಒಂದು ಸಲ ನೋಡಿದರು. ನಮ್ಮ ಕಡೆ ಟೀಚರಮ್ಮನಿಗೆ ಅಕ್ಕೋರು ಅಂತಲೇ ಅನ್ನುವುದು. ಮೇಲೆ ಕೂರು ಅಂತ ನನಗೆ ಹೇಳಲಿಲ್ಲ ಅವರು. ತಾವೇ ಬಂದು ನನ್ನ ಎದುರಿಗೆ ನೆಲದ ಮೇಲೆ ಕೂತು ಪಾಠ ಶುರು ಮಾಡಿದರು. ಉಳಿದವರೆಲ್ಲ ಮೊಣಕಾಲು ಹಿಡಿದುಕೊಂಡು, ಅಯ್ಯಯ್ಯೋ ಅನ್ನುತ್ತಾ, ಒಬ್ಬೊಬ್ಬರಾಗಿ ಕೆಳಗಿಳಿದರು. ಆವತ್ತೇ ಅಂದುಕೊಂಡೆ, ಇಲ್ಲಿ ನಾನು ಉಳಿಯುತ್ತೇನೆ.

ಆಗಸ್ಟಿನ ಹೊತ್ತಿಗೆ ನನಗೆ ರುಚಿ ಹತ್ತಿತ್ತು. ದನಿ ಎಲ್ಲಿಂದ ತೆಗೆಯಬೇಕು, ಖಾಲಿ ಕೈಯಲ್ಲಿ ಕೊಡ ಹೊತ್ತರೆ ಸೊಂಟ ಹೇಗೆ ವಾಲಬೇಕು, ಹೀಗೆ ಸಣ್ಣ ಸಣ್ಣ ಪಾಠ. ಓದುವ ಪಾಠದಲ್ಲಿ ನಾನು ಎಲ್ಲರಿಗಿಂತ ಹಿಂದೆ. ಒಂದೊಂದು ಒತ್ತಕ್ಷರಕ್ಕೂ ಎಡವುತ್ತಿದ್ದೆ, ಶೈಲಾ ಮೇಡಂ ಪಕ್ಕ ಕೂತು ಬೆರಳಿಟ್ಟು ತೋರಿಸುತ್ತಿದ್ದರು. ಆದರೆ ಮಾಡಿ ತೋರಿಸುವ ಪಾಠದಲ್ಲಿ ನನ್ನನ್ನು ಹಿಂದೆ ಹಾಕಿದವರಿಲ್ಲ. ಒಂದು ರವಿವಾರ ಅಕ್ಕೋರು ನೀರು ಕುಡಿಯುವುದನ್ನು ಮಾಡಿ ಅಂದರು. ಎಲ್ಲರೂ ಕುಡಿದರು. ನಾನು ಮೂರು ಥರ ಕುಡಿದೆ. ದುಡಿದು ಬಂದ ಡ್ರೈವರ್ ಕುಡಿಯುವುದು, ಬಾಟಲಿ ನೀರೇ ಬೇಕು ಅನ್ನುವವರು ಲೋಟ ಮೂಸಿ ಕುಡಿಯುವುದು, ಇನ್ನೊಬ್ಬರ ಮನೆಯಲ್ಲಿ ಕೆಲಸದವಳು ಲೋಟ ಎತ್ತಿ ಗಂಟಲಿಗೆ ಸುರಿದುಕೊಳ್ಳುವುದು. ಮೂರನೆಯದಕ್ಕೆ ಯಾರೂ ನಗಲಿಲ್ಲ. ಆ ದಿನ ವಾಪಸ್ ಬಸ್ಸಿನಲ್ಲಿ ನಾನು ಕಿಟಕಿಯ ತಗಡು ಎತ್ತಿ, ಮುಖಕ್ಕೆ ಇರಚಲು ಹೊಡೆಸಿಕೊಂಡು ಬಂದೆ. ಅಷ್ಟು ಖುಷಿ.

ಚೌತಿ ಮುಗಿದ ಮೇಲೆ ನಾಟಕ ಹಂಚಿದರು. ಅಕ್ಕೋರು ನಮ್ಮ ನಮ್ಮ ಊರಿನ ಕತೆಗಳನ್ನು ಕೇಳಿ ತಾವೇ ಬರೆದ ನಾಟಕ ಅದು. ಒಬ್ಬ ಗೌಡ್ತಿ, ಅವಳ ಮನೆಯಲ್ಲಿ ನಲವತ್ತು ವರ್ಷ ದುಡಿದ ಆಳು ಭೀಮ್ಯಾ. ಗೌಡ್ತಿ ನಾನು. ಭೀಮ್ಯಾ ಯಾರು ಅಂದರೆ ಮನ್ಮನೆಯ ಹೆಗಡೇರು. ಇವರನ್ನು ಹೇಳಲೇಬೇಕು. ಅರವತ್ತು ದಾಟಿದ ಮನುಷ್ಯ, ಸಿದ್ದಾಪುರದ ಕಡೆ ಅಡಿಕೆ ತೋಟ, ಗದ್ದೆ ಎರಡೂ ಇದ್ದವರು. ಬಿಳಿ ಪಂಚೆ ಉಟ್ಟು, ತಮ್ಮ ಕಾರು ತಾವೇ ಓಡಿಸಿಕೊಂಡು ಬರುತ್ತಿದ್ದರು. ಊರಿನ ಯಕ್ಷಗಾನದಲ್ಲಿ ರಾಜನ ವೇಷ ಬಿಟ್ಟು ಬೇರೆ ಹಾಕಿದವರಲ್ಲ. ದನಿ ಎತ್ತಿದರೆ ಸಭಾಭವನದ ಹೆಂಚು ಅಲುಗಬೇಕು. ಆಳಿನ ಪಾತ್ರ ಅಂದಾಗ ಅವರಿಗೆ ಬೇಜಾರಾಗುತ್ತದೆ ಅಂದುಕೊಂಡರೆ, ಮಕ್ಕಳ ಹಾಗೆ ಖುಷಿಪಟ್ಟರು.

ನನ್ನ ಮೊದಲ ಮಾತು ಮೂರೇ ಶಬ್ದ. "ಭೀಮ್ಯಾ, ಬಾರೋ ಇಲ್ಲಿ." ನಾಟಕದಲ್ಲಿ ಅದು ಆರು ಸಲ ಬರುತ್ತದೆ. ಪುಟಗಟ್ಟಲೆ ಮಾತು ಬಾಯಿಪಾಠ ಮಾಡಿದ್ದೆ, ಇದೇನು ಮಹಾ ಅಂತ ನಿಂತೆ. ಹೆಗಡೇರು ಎದುರಿಗೆ ಬಂದರು. ನನ್ನ ಬಾಯಿಂದ ಬಂದದ್ದು, "ಭೀಮ್ಯಾ, ಬರ್ರಿ ಇಲ್ಲಿ."

ಎಲ್ಲರೂ ಗೊಳ್ಳೆಂದು ನಕ್ಕರು, ನಾನೂ ನಕ್ಕೆ. ಎರಡನೇ ಸಲವೂ ಬರ್ರಿ. ಮೂರನೇ ಸಲ ಹಲ್ಲು ಕಚ್ಚಿ ಬಾರೋ ಅಂದೆ, ಅದರ ಬಾಲಕ್ಕೆ ರಿ ಬಂದು ಅಂಟಿಕೊಂಡಿತು. "ಬಾರೋರಿ." ನಕ್ಕು ನಕ್ಕು ಶೈಲಾ ಮೇಡಂ ಕಣ್ಣೊರೆಸಿಕೊಂಡರು. ನಮ್ಮ ಕಡೆ ಮಾತೇ ಹಾಗೆ, ಯಲ್ಲಾಪುರ ತಾಲೂಕಾದರೂ ಕಿರವತ್ತಿ ಅಂದರೆ ಅರ್ಧ ಧಾರವಾಡ. ಬರ್ರಿ, ಕೂಡ್ರಿ, ಹೇಳ್ರಿ ಅನ್ನದೆ ನಮಗೆ ಬಾಯಿ ಬಿಡಲಿಕ್ಕೇ ಬರುವುದಿಲ್ಲ. ಆದರೆ ನನ್ನದು ಬರೀ ಊರಿನ ಮಾತಿನ ಸಮಸ್ಯೆಯಲ್ಲ ಅಂತ ನನಗೆ ಗೊತ್ತಿತ್ತು. ಟೇಲರನ ಎದುರಿಗೆ ಅದೇ ಸಾಲು ಸಲೀಸಾಗಿ ಬರುತ್ತಿತ್ತು. ಹೆಗಡೇರ ಬಿಳಿ ಪಂಚೆ, ಹಿಂದೆ ಕಟ್ಟಿದ ಕೈ ಕಂಡ ಕೂಡಲೇ ನಾಲಗೆ ಬಾಗುತ್ತಿತ್ತು. ಎರಡು ತಿಂಗಳು ಹೀಗೇ ನಡೆಯಿತು. ನಗು ನಿಂತುಹೋಯಿತು. ಗೌಡ್ತಿ ಪಾತ್ರವನ್ನು ಶೈಲಾ ಮೇಡಂ ಕೂಡ ಕಲಿತಿಟ್ಟುಕೊಳ್ಳಲಿ ಅಂತ ಅಕ್ಕೋರು ಒಂದು ದಿನ ಮೆಲ್ಲಗೆ ಹೇಳಿದರು. ಮೇಡಂ ಒಂದೇ ಸಲಕ್ಕೆ ಬಾರೋ ಅಂದರು, ಎಷ್ಟು ಸುಲಭವಾಗಿ ಅಂದರೆ ನನಗೆ ಹೊಟ್ಟೆಯಲ್ಲಿ ಕಿಚ್ಚಾಯಿತು. ಆ ಪಾತ್ರ ನನ್ನದು. ನನ್ನ ಬದುಕಿನಲ್ಲಿ ನಾನು ಕೇಳದೇ ನನಗೆ ಸಿಕ್ಕ ದೊಡ್ಡದು ಅಂದರೆ ಅದೊಂದೇ. ಬರೀ ಒಂದು ಅಕ್ಷರಕ್ಕೆ ಅದು ಕೈಬಿಟ್ಟು ಹೋಗುತ್ತಿತ್ತು.

ಹೆಗಡೇರಿಗೂ ಅವರದೇ ಕಷ್ಟವಿತ್ತು. ರಾಜನ ವೇಷ ಮಾಡಿದ ಮೈ ಅದು, ಬಗ್ಗುತ್ತಿರಲಿಲ್ಲ. ಆಳಾಗಿ ಬಂದು ನಿಂತರೂ ಎದೆ ಮುಂದೆ, ಕೈ ಹಿಂದೆ. ಒಂದು ದಿನ ಚಹಾ ಕುಡಿಯುವಾಗ ನನ್ನ ಹತ್ತಿರ ಬಂದು, ಕೈ ಎಲ್ಲಿ ಇಟ್ಟುಕೊಳ್ಳುವುದು ಮಾರಾಯ್ತಿ ಅಂತ ಕೇಳಿದರು. ಹೆಗಲ ಮೇಲಿನ ಟವಲು ಎಳೆದು ಕೈಯಲ್ಲಿ ಹಿಡಿದುಕೊಳ್ರಿ, ಭಾರ ಒಂದೇ ಕಾಲಿನ ಮೇಲೆ ಹಾಕ್ರಿ, ನೋಟ ಗೌಡ್ತಿಯ ಮುಖಕ್ಕಲ್ಲ, ಸೊಂಟದ ಮಟ್ಟಕ್ಕಿರಲಿ ಅಂತ ಮಾಡಿ ತೋರಿಸಿದೆ. ಪಾಪ, ಕಲಿಯುವ ಹುಡುಗನ ಹಾಗೆ ಹತ್ತು ಸಲ ಮಾಡಿದರು. ಇಷ್ಟೆಲ್ಲ ಹೇಳಿಕೊಟ್ಟವಳು ನಾನು, ತಾಲೀಮಿಗೆ ನಿಂತ ಕೂಡಲೇ ಮತ್ತೆ ಬರ್ರಿ.

ನವೆಂಬರಿನ ಒಂದು ರವಿವಾರ ಪರದೆಯ ಹಿಂದೆ ನಾನು ಸೀರೆ ಸರಿಮಾಡಿಕೊಳ್ಳುತ್ತಿದ್ದೆ. ಈಚೆ ಕಡೆ ಹೆಗಡೇರು, ಶೈಲಾ ಮೇಡಂ ತಮ್ಮ ಮನೆಮಾತಿನಲ್ಲಿ ಮಾತಾಡುತ್ತಿದ್ದರು. ನನ್ನ ಹೆಸರು ಕೇಳಿ ಕಿವಿ ಕೊಟ್ಟೆ. ಹೆಗಡೇರು ಹೇಳುತ್ತಿದ್ದರು, "ರೇಣುಕಾ ಚೊಲೋ ಮಾಡ್ತು. ಆದ್ರೆ ಎಂತ ಮಾಡದು, ಬಾರೋ ಹೇಳಲೆ ಅದಕ್ಕೆ ಬತ್ತಿಲ್ಲೆ."

ಅದಕ್ಕೆ. ಅವಳಿಗೆ ಅಲ್ಲ, ಅದಕ್ಕೆ. ಮಾಡ್ತಾಳೆ ಅಲ್ಲ, ಮಾಡ್ತು. ದನಕ್ಕೆ, ನಾಯಿಗೆ, ಅಂಗಳದ ಕಲ್ಲಿಗೆ ಅನ್ನುವ ಮಾತು. ನನ್ನ ಮೈಯೆಲ್ಲ ಉರಿದುಹೋಯಿತು. ಎದುರಿಗೆ ಮಾರಾಯ್ತಿ ಅಂತ ಸಕ್ಕರೆಯಂಥ ಮಾತು, ಬೆನ್ನ ಹಿಂದೆ ಅದು. ಇವರಿಗೆ ಕೈ ಎಲ್ಲಿಡಬೇಕು ಅಂತ ಹೇಳಿಕೊಟ್ಟೆನಲ್ಲ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ ಅಂದುಕೊಂಡೆ. ಹತ್ತು ನಿಮಿಷಕ್ಕೆ ತಾಲೀಮು ಶುರುವಾಯಿತು. ಹೆಗಡೇರು ಟವಲು ಹಿಡಿದು ಬಂದರು. ನಾನು ಕುರ್ಚಿಯಿಂದ ಅರ್ಧ ಎದ್ದು, ಅವರ ಮುಖಕ್ಕೆ ನೆಟ್ಟ ನೋಟ ಇಟ್ಟು ಅಂದೆ, "ಭೀಮ್ಯಾ, ಬಾರೋ ಇಲ್ಲಿ!"

ಎಲ್ಲರೂ ಚಪ್ಪಾಳೆ ತಟ್ಟಿದರು. ಎಲ್ಲರಿಗಿಂತ ಜೋರಾಗಿ ತಟ್ಟಿದವರು ಹೆಗಡೇರು, ಅದನ್ನು ನೋಡಿ ನನಗೆ ಇನ್ನಷ್ಟು ಸಿಟ್ಟು ಬಂತು. ಅಕ್ಕೋರು ಮಾತ್ರ ಪುಸ್ತಕದಲ್ಲಿ ಏನೋ ಗೀಚಿಕೊಂಡು ಮುಂದಿನ ಸಾಲು ಅಂದರು. ಮುಂದಿನ ಮೂರು ವಾರ ಆ ಸಿಟ್ಟನ್ನು ನಾನು ಕೆಂಡ ಬೂದಿಯಲ್ಲಿ ಮುಚ್ಚಿಟ್ಟ ಹಾಗೆ ಕಾಪಾಡಿಕೊಂಡು ಬಂದೆ. ಬಸ್ಸಿನಲ್ಲಿ ಅದನ್ನೇ ಊದುತ್ತಾ ಬರುವುದು, ಬಂದು ಬಾರೋ ಅನ್ನುವುದು. ಹೆಗಡೇರು ಚಹಾ ತಂದುಕೊಟ್ಟರೂ ಬೇಡ ಅಂದೆ.

ಡಿಸೆಂಬರಿನಲ್ಲಿ ಚಳಿ ಬಿದ್ದು, ನಾವೆಲ್ಲ ಮೆಟ್ಟಿಲ ಮೇಲೆ ಬಿಸಿಲಿಗೆ ಮೈ ಕಾಯಿಸುತ್ತಾ ಊಟ ಮಾಡುತ್ತಿದ್ದೆವು. ಹೆಗಡೇರಿಗೆ ಮನೆಯಿಂದ ಫೋನ್ ಬಂತು. ಅವರ ತಾಯಿಗೆ ಎಂಬತ್ತೆಂಟು ವರ್ಷ, ಜ್ವರ ಬಂದಿತ್ತು, ಬೆಳಿಗ್ಗೆಯಿಂದ ಅದೇ ಚಿಂತೆಯಲ್ಲಿದ್ದರು. ಅವರ ದನಿ ಬಹಳ ಮೆತ್ತಗಿತ್ತು. "ಆಯಿ ಊಟ ಮಾಡ್ತಾ? ಅದು ಗುಳಿಗೆ ತಗಂಡಿದ್ದಾ? ಅದಕ್ಕೆ ಹೇಳು, ಆನು ಸಂಜೆಯೊಳಗೆ ಬರ್ತೆ."

ಆಯಿ ಅಂದರೆ ಅವರಲ್ಲಿ ಅಮ್ಮ ಅಂತ ಅಷ್ಟರಲ್ಲಿ ನನಗೆ ಗೊತ್ತಾಗಿತ್ತು. ಕೈಯಲ್ಲಿದ್ದ ರೊಟ್ಟಿ ತುತ್ತು ಕೈಯಲ್ಲೇ ಉಳಿಯಿತು. ಅವರು ಫೋನ್ ಇಟ್ಟ ಮೇಲೆ ಕೇಳಿಯೇಬಿಟ್ಟೆ, ನಿಮ್ಮ ತಾಯಿಗೂ ಅದು ಅಂತೀರೇನ್ರಿ? ಅವರಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಮತ್ತೆಂತ ಹೇಳುವುದು, ಅಮ್ಮ, ಹೆಂಡತಿ, ಮಗಳು, ಮನೆಯ ಹೆಂಗಸರೆಲ್ಲ ನಮ್ಮ ಮಾತಿನಲ್ಲಿ ಅದೇ ಅಂದರು. ಪಕ್ಕದಲ್ಲಿದ್ದ ಶೈಲಾ ಮೇಡಂ, ನನ್ನ ಗಂಡ ನನಗೂ ಹಾಗೇ ಹೇಳುವುದು ಅಂತ ನಕ್ಕರು. ನನ್ನ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಪರದೆಯ ಹಿಂದೆ ಕೇಳಿದ್ದು, ಮೂರು ವಾರ ಸಿಟ್ಟು ಇಟ್ಟುಕೊಂಡದ್ದು, ಆ ಸಿಟ್ಟಿನ ಮೇಲೇ ಬಾರೋ ಅಂದದ್ದು, ಎಲ್ಲ ಬಾಯಿಬಿಟ್ಟೆ. ಶೈಲಾ ಮೇಡಂ ಊಟದ ಡಬ್ಬಿ ಕೆಳಗಿಟ್ಟು ನಕ್ಕರು. ಹೆಗಡೇರೂ ನಕ್ಕರು, ಆದರೆ ಬೇಗ ನಿಲ್ಲಿಸಿದರು.

"ನೀನು ಭಾಷೆಗೆ ಸಿಟ್ಟಾದೆ ಮಾರಾಯ್ತಿ, ಅಡ್ಡಿಲ್ಲ," ಅಂದರು. "ನಮ್ಮ ತೋಟಕ್ಕೆ ಬರೋ ಮಂಜ ನನಗಿಂತ ಆರು ವರ್ಷ ದೊಡ್ಡವ. ನಾನು ಅವನಿಗೆ ಬಾರೋ ಅಂತೇನೆ, ಅವ ನನಗೆ ಒಡ್ಯಾ ಅಂತಾನೆ. ಅದಕ್ಕೆ ಎಂತ ವ್ಯಾಕರಣ ಹೇಳ್ತೆ ನೀನು?"

ಅವರು ಡಬ್ಬಿ ತೊಳೆಯಲಿಕ್ಕೆ ಎದ್ದು ಹೋದರು. ಹೋಗುವಾಗ ಅವರ ಕೈ ಬೆನ್ನ ಹಿಂದೆ ಇರಲಿಲ್ಲ, ಅದನ್ನು ನಾನು ನೋಡಿದೆ.

ಮನಸ್ಸು ಹಗುರಾಯಿತು, ಕೆಲಸ ಕೆಟ್ಟಿತು. ಸಿಟ್ಟು ಹೋದ ಮೇಲೆ ಆವತ್ತು ಮಧ್ಯಾಹ್ನವೇ ತಾಲೀಮಿನಲ್ಲಿ ‘ಬರ್ರಿ’ ಮತ್ತೆ ಬಂತು, ಮೊದಲಿಗಿಂತ ಮರ್ಯಾದೆಯಿಂದ. ಪ್ರದರ್ಶನ ಸಂಕ್ರಾಂತಿ ಮುಗಿದ ಮೇಲಿನ ರವಿವಾರ ಅಂತ ನಿಗದಿಯಾಗಿತ್ತು. ಅಕ್ಕೋರು ನನ್ನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡರು. ಮುಂದಿನ ವಾರವೂ ನಿನ್ನ ಬಾಯಲ್ಲಿ ಬಾರೋ ಬರಲಿಲ್ಲ ಅಂದರೆ ಶೈಲಾ ಮಾಡಲಿ, ನೀನು ಅಡುಗೆಯವಳ ಪಾತ್ರ ಮಾಡು ಅಂದರು. ಸಿಟ್ಟಿನಿಂದ ಹೇಳಿದ್ದಲ್ಲ, ಬೇಜಾರಿನಿಂದ ಹೇಳಿದ್ದು. ಆ ಮೂರು ವಾರ ಚೆನ್ನಾಗಿ ಬಂದಿತ್ತಲ್ಲ ಅಂದೆ. ಅದಕ್ಕೆ ಅವರು ಹೇಳಿದ್ದನ್ನು ನಾನು ಈಗ ನನ್ನ ವಿದ್ಯಾರ್ಥಿಗಳಿಗೂ ಹೇಳುತ್ತೇನೆ. "ಅದು ಜಗಳ ಮಾಡೋ ಹೆಂಗಸು, ಗೌಡ್ತಿ ಅಲ್ಲ. ಗೌಡ್ತಿಗೆ ಭೀಮ್ಯಾನ ಮೇಲೆ ಸಿಟ್ಟು ಎಂತಕ್ಕೆ?"

ಅಡುಗೆಯವಳ ಪಾತ್ರ. ವಾರವೆಲ್ಲ ಅಡುಗೆ ಮಾಡಿ, ರವಿವಾರ ಎರಡು ಬಸ್ಸು ಹತ್ತಿ ಹೋಗಿ ಅಲ್ಲಿಯೂ ಅಡುಗೆ ಮಾಡುವುದು. ದಾರಿಯುದ್ದಕ್ಕೂ ಅಳು ಬಂತು. ಅಶ್ವಿನಿಗೆ ಫೋನ್ ಮಾಡಿ, ನನ್ನ ಹಣೆಯಲ್ಲಿ ಗೌಡಕಿ ಬರೆದಿಲ್ಲ ಬಿಡು ಅಂದೆ. ಅವಳು ಒಂದೇ ಮಾತು ಕೇಳಿದಳು. "ಅವ್ವಾ, ನೀನು ಯಾರನ್ನ ಅಣಕಿಸ್ಬೇಕಂದ್ರೂ ಮೊದ್ಲ ನೋಡ್ತೀ. ಇದಕ್ಕ ಯಾರನ್ನ ನೋಡೀ?"

ಸೋಮವಾರ ಹಿಟ್ಟು ನಾದುತ್ತಿದ್ದೆ. ದುಡ್ಡಿನ ಗಲ್ಲೆಯ ಮೇಲಿಂದ ಸಾವ್ಕಾರರು ಕರೆದರು. "ರೇಣವ್ವಾ, ಬಾ ಇಲ್ಲಿ." ಹದಿನಾರು ವರ್ಷದಿಂದ ದಿನಕ್ಕೆ ಇಪ್ಪತ್ತು ಸಲ ಕೇಳಿದ ಮಾತು. ಕೈ ಒರೆಸಿಕೊಂಡು ಓಡುವುದೇ ರೂಢಿ. ಆವತ್ತು ಬಾಗಿಲ ಸಂದಿಯಲ್ಲಿ ನಿಂತೆ, ನೋಡಿದೆ. ಅವರು ನನ್ನ ಕಡೆ ತಿರುಗಿರಲಿಲ್ಲ. ಫೋನಿನಲ್ಲಿ ಏನೋ ನೋಡುತ್ತಾ, ಕಿವಿಯಲ್ಲಿ ಕಡ್ಡಿ ಆಡಿಸುತ್ತಾ ಕೂತಿದ್ದರು. ದನಿ ಏರಿರಲಿಲ್ಲ. ಕರೆದ ಮೇಲೆ ನಾನು ಬಂದೆನೋ ಇಲ್ಲವೋ ಅಂತ ನೋಡಲೂ ಇಲ್ಲ. ಯಾಕೆ ನೋಡಬೇಕು? ಬರುತ್ತಾಳೆ ಅಂತ ಗೊತ್ತು. ಹಗ್ಗ ಎಳೆದರೆ ಕೊಡ ಮೇಲೆ ಬರುತ್ತದೆ, ಅಷ್ಟೇ ಖಾತ್ರಿ. ಅಯ್ಯೋ ದೇವರೇ ಅಂದುಕೊಂಡೆ, ಇಷ್ಟು ದಿನ ಬಾರೋ ಅನ್ನುವುದಕ್ಕೆ ನಾನು ಏನೇನೋ ಬಲ ಹಾಕುತ್ತಿದ್ದೆನಲ್ಲ, ಅದಕ್ಕೆ ಬಲವೇ ಬೇಡ.

ಆ ವಾರವೆಲ್ಲ ನಾನು ಸಾವ್ಕಾರರನ್ನು ಓದಿದೆ. ಹೌದು, ಓದಿದೆ, ಪುಸ್ತಕಕ್ಕಿಂತ ಚೆನ್ನಾಗಿ. ಹೆಸರಿನ ಕೊನೆಯ ಅಕ್ಷರ ಎಳೆಯುವುದು, ಬಾ ಅಂದ ಮೇಲೆ ಒಂದು ಉಸಿರು ಬಿಟ್ಟು ಇಲ್ಲಿ ಅನ್ನುವುದು, ಬಂದು ಎದುರಿಗೆ ನಿಂತವರನ್ನು ಹೇಳುವ ಮಾತು ಮುಗಿಯುವ ತನಕ ನೋಡದೇ ಇರುವುದು. ಇದನ್ನು ಶೈಲಾ ಮೇಡಂಗೆ ಯಾರು ಹೇಳಿಕೊಡಬೇಕು? ಅವರನ್ನು ಹಾಗೆ ಯಾರೂ ಕರೆದಿಲ್ಲ. ನನ್ನನ್ನು ಕರೆದಿದ್ದಾರೆ. ನನಗೆ ಗೊತ್ತಿಲ್ಲ ಅಂದುಕೊಂಡಿದ್ದ ವಿದ್ಯೆಯನ್ನು ಹದಿನಾರು ವರ್ಷದಿಂದ ದಿನಾ ಪಾಠ ಹೇಳಿಸಿಕೊಂಡಿದ್ದೆ.

ರವಿವಾರ ಅಕ್ಕೋರಿಗೆ ಒಂದು ಅಡಕೊತ್ತು ಬೇಕು ಅಂದೆ. ಕುರ್ಚಿಯಲ್ಲಿ ಕಾಲು ಮಡಚಿ ಕೂತು ಅಡಿಕೆ ಕತ್ತರಿಸತೊಡಗಿದೆ. ಹೆಗಡೇರು ಆಚೆ ಮೂಲೆಯಲ್ಲಿದ್ದರು. ಅವರನ್ನು ನೋಡಲಿಲ್ಲ. ಹೋಳಿನ ಮೇಲಿನ ಸಿಪ್ಪೆ ಉಗುರಿನಿಂದ ಕೆರೆಯುತ್ತಾ, ಪಕ್ಕದವರಿಗೆ ಹೇಳುವಷ್ಟೇ ದನಿಯಲ್ಲಿ ಅಂದೆ, "ಭೀಮ್ಯಾ, ಬಾರೋ ಇಲ್ಲಿ."

ಹೆಗಡೇರು ಓಡಿ ಬಂದರು. ನಾಟಕದಲ್ಲಿ ಓಡು ಅಂತ ಬರೆದಿರಲಿಲ್ಲ. ಬಂದು ನಿಂತು ಟವಲು ಹಿಡಿದುಕೊಂಡರು, ಮುಂದಿನ ಮಾತು ಮರೆತು ನನ್ನ ಅಡಕೊತ್ತನ್ನೇ ನೋಡುತ್ತಾ ನಿಂತರು. ನಾನು ಇನ್ನೊಂದು ಅಡಿಕೆ ತೆಗೆದುಕೊಂಡೆ. ಈ ಸಲ ಯಾರೂ ಚಪ್ಪಾಳೆ ತಟ್ಟಲಿಲ್ಲ. ಅಕ್ಕೋರು ಪುಸ್ತಕ ಮುಚ್ಚಿದರು. ಶೈಲಾ ಮೇಡಂ ಎದ್ದು ಬಂದು ತಾವು ಬರೆದಿಟ್ಟುಕೊಂಡಿದ್ದ ಗೌಡ್ತಿಯ ಮಾತಿನ ಹಾಳೆಗಳನ್ನು ನನ್ನ ಮಡಿಲಲ್ಲಿಟ್ಟರು. ನನಗೆ ಜನ್ಮದಲ್ಲಿ ಅಷ್ಟು ಹೆಮ್ಮೆ ಎಂದೂ ಆಗಿರಲಿಲ್ಲ. ಮಗಳು ಹುಟ್ಟಿದಾಗ ಆದದ್ದು ಸಂತೋಷ, ಇದು ಬೇರೆ.

ಪ್ರದರ್ಶನಕ್ಕೆ ಸಾವ್ಕಾರರನ್ನು ನಾನೇ ಕರೆದಿದ್ದೆ. ಆರು ತಿಂಗಳು ರವಿವಾರ ಬಿಟ್ಟುಕೊಟ್ಟವರನ್ನು ಕರೆಯದೆ ಹೇಗೆ ಇರಲಿ? ಬರುವುದಿಲ್ಲ ಅಂದುಕೊಂಡಿದ್ದೆ. ಮಧ್ಯಾಹ್ನ ಮೂರಕ್ಕೆ ಪರದೆ ಸರಿಸಿ ನೋಡಿದರೆ ಎರಡನೇ ಸಾಲಿನಲ್ಲಿ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಹೆಂಡತಿಯ ಜೊತೆ ಕೂತಿದ್ದಾರೆ. ಕದ್ದ ಮಾಲನ್ನು ಯಜಮಾನನ ಎದುರಿಗೇ ಮಾರಲು ಇಟ್ಟ ಹಾಗಾಯಿತು ನನ್ನ ಪರಿಸ್ಥಿತಿ. ಬೇರೆ ಥರ ಮಾಡಿಬಿಡಲೇ ಅಂತ ಒಂದು ಗಳಿಗೆ ಅನಿಸಿತು. ಬಣ್ಣ ಹಚ್ಚಿಕೊಂಡು ಪಕ್ಕದಲ್ಲಿ ನಿಂತಿದ್ದ ಹೆಗಡೇರಿಗೆ ಹೇಳಿದೆ. ಅವರು, ನಮ್ಮ ಮಂಜನೂ ಬಂದು ಕೂತಿದ್ದಾನೆ, ನಾನೇ ಕರೆದುಕೊಂಡು ಬಂದೆ, ಇಬ್ಬರೂ ಒಟ್ಟಿಗೆ ಬೈಸಿಕೊಳ್ಳೋಣ ನಡಿ ಅಂದರು.

ಮಾಡಿದೆ. ಆರಕ್ಕೆ ಆರು ಸಲವೂ ಕಲಿತ ಹಾಗೆಯೇ ಮಾಡಿದೆ. ಮೊದಲ ಸಲ ಜನ ಸಣ್ಣಗೆ ನಕ್ಕರು, ಗುರುತು ಹಿಡಿದ ನಗು. ಮೂರನೇ ಸಲದ ಹೊತ್ತಿಗೆ ನಗು ಇರಲಿಲ್ಲ. ನಾಲ್ಕನೆಯದಕ್ಕೆ ಸಾವ್ಕಾರರ ಹೆಂಡತಿ ತಿರುಗಿ ಗಂಡನ ಮುಖ ನೋಡಿದ್ದು ನನಗೆ ರಂಗದ ಮೇಲಿಂದಲೇ ಕಂಡಿತು. ಕೊನೆಯ ದೃಶ್ಯದಲ್ಲಿ ಗೌಡ್ತಿ ಕರೆಯುತ್ತಾಳೆ, ಭೀಮ್ಯಾ ಬರುವುದಿಲ್ಲ. ಬರದೇ ಇರುವುದು ಅವಳಿಗೆ ಗೊತ್ತೇ ಆಗುವುದಿಲ್ಲ, ನೋಡದೇ ಮಾತಾಡುತ್ತಾ ಕೂರುತ್ತಾಳೆ. ಪರದೆ ಬಿದ್ದ ಮೇಲೆ ಅಶ್ವಿನಿ ಓಡಿ ಬಂದು ಬಣ್ಣದ ಮುಖಕ್ಕೇ ಮುತ್ತು ಕೊಟ್ಟಳು. ಹೆಗಡೇರು ಮಂಜಣ್ಣನನ್ನು ಕರೆತಂದು, ಇವರು ಮಂಜಣ್ಣ ಅಂತ ನನಗೆ ಪರಿಚಯ ಮಾಡಿಸಿದರು. ಆ ಮುದುಕ ಕೈಮುಗಿದು ನಕ್ಕ.

ಎಲ್ಲರೂ ಫೋಟೋ ತೆಗೆಸಿಕೊಳ್ಳುತ್ತಿದ್ದಾಗ ಸಾವ್ಕಾರರು ಪಕ್ಕದ ಬಾಗಿಲಿಂದ ಒಳಗೆ ಬಂದರು. ಹೆಂಡತಿ ಹೊರಗೇ ನಿಂತಿದ್ದರು. ಚೆನ್ನಾಗಿ ಆಯಿತು ಅಂತ ಹೇಳುತ್ತಾರೆ ಅಂದುಕೊಂಡೆ. ಹೇಳಲಿಲ್ಲ. ನೇರ ನನ್ನ ಮುಖವನ್ನೇ ನೋಡಿದರು.

"ರೇಣವ್ವಾ," ಅಂದರು, "ನಾ ಹಂಗ ಕರೀತೇನೇನ ನಿನ್ನ?"

ಇಲ್ರೀ ಸಾವ್ಕಾರ್ರ ಅನ್ನುವ ಮಾತು ತುಟಿಗೆ ಬಂದಿತ್ತು. ಅನ್ನಬಹುದಿತ್ತು. ಅಂದರೆ ಅವರಿಗೂ ನೆಮ್ಮದಿ, ಸೋಮವಾರದ ನನ್ನ ಕೆಲಸಕ್ಕೂ ನೆಮ್ಮದಿ. ನಾನು ಅವರ ಕಣ್ಣನ್ನೇ ನೋಡಿದೆ.

"ಹೌದ್ರಿ," ಅಂದೆ. "ಹಂಗ ಕರೀತೀರಿ."

ಆ ಎರಡೂ ಮಾತಿನ ಕೊನೆಗೆ ‘ರಿ’ ಇತ್ತು. ಈ ಸಲ ಅದು ತಾನಾಗಿ ಬಂದದ್ದಲ್ಲ, ನಾನು ಬೇಕೆಂದು ಹಚ್ಚಿದ್ದು.